ಹೆಸರು ಹಲವು, ಮರ ಒಂದೇ: ಸೇಬಿನ ತಳಿವೈವಿಧ್ಯ ಇಂದು ಎಲ್ಲಿದೆ?

ಆಗಸ್ಟ್ ಬಂತೆಂದರೆ ಬೆಂಗಳೂರಿನ ಹಣ್ಣಿನ ಮಂಡಿಗಳಲ್ಲಿ ಶಿಮ್ಲಾ, ಕಿನ್ನೌರ್, ಕಾಶ್ಮೀರದ ಸೇಬಿನ ಪೆಟ್ಟಿಗೆಗಳು ಇಳಿಯತೊಡಗುತ್ತವೆ. ಹೆಸರುಗಳು ಬಗೆಬಗೆಯವು: ರಾಯಲ್ ಡೆಲಿಶಿಯಸ್, ರಿಚ್‌ರೆಡ್, ರೆಡ್ ಚೀಫ್, ಸೂಪರ್ ಚೀಫ್, ಒರೆಗಾನ್ ಸ್ಪರ್, ಸ್ಕಾರ್ಲೆಟ್ ಸ್ಪರ್. ಬಣ್ಣದಲ್ಲಿ ಒಂದು ತುಸು ಗಾಢ, ಇನ್ನೊಂದು ತುಸು ಪಟ್ಟೆಪಟ್ಟೆ. ದರದಲ್ಲೂ ವ್ಯತ್ಯಾಸವಿದೆ. ಆದರೆ ವಂಶವಾಹಿಗಳ ಲೆಕ್ಕದಲ್ಲಿ ಇವೆಲ್ಲ ಬಹುತೇಕ ಒಂದೇ ಮರ. ಅಮೆರಿಕದ ಅಯೋವಾ ರಾಜ್ಯದ ಪೆರು ಎಂಬ ಊರಿನಲ್ಲಿ, 1870ರ ದಶಕದಲ್ಲಿ ಜೆಸ್ಸಿ ಹಯಾಟ್ ಎಂಬ ರೈತನ ತೋಟದಲ್ಲಿ ತಾನಾಗಿ ಹುಟ್ಟಿದ ಒಂದು ಸಸಿ ಇವೆಲ್ಲಕ್ಕೂ ಮೂಲ. ಸಾಲು ತಪ್ಪಿ ಹುಟ್ಟಿದ್ದ ಆ ಸಸಿಯನ್ನು ಅವನು ಕಡಿದರೂ ಅದು ಮತ್ತೆ ಚಿಗುರಿತೆಂಬ ಕತೆ ಪ್ರಸಿದ್ಧವಾಗಿದೆ. 1890ರ ದಶಕದಲ್ಲಿ ಮಿಸ್ಸೌರಿಯ ಸ್ಟಾರ್ಕ್ ಸಹೋದರರ ನರ್ಸರಿ ಅದರ ಹಕ್ಕು ಕೊಂಡು 'ಡೆಲಿಶಿಯಸ್' ಎಂದು ಹೆಸರಿಟ್ಟಿತು; ಇಂದಿನ ರೆಡ್ ಡೆಲಿಶಿಯಸ್ ಇದೇ. ಮುಂದೆ ಅದರ ಯಾವುದೋ ಮರದ ಯಾವುದೋ ಕೊಂಬೆಯಲ್ಲಿ ತಾನಾಗಿಯೇ ಒಂದು ಸಣ್ಣ ಮಾರ್ಪಾಡು ಆಗಿ ಹಣ್ಣು ಹೆಚ್ಚು ಕೆಂಪಾದಾಗ, ಇಲ್ಲವೆ ಗೆಣ್ಣುಗಳು ಒತ್ತಾಗಿ ಬಂದು ಫಸಲು ಬೇಗ ಕಚ್ಚಿದಾಗ, ಆ ಕೊಂಬೆಯಿಂದಲೇ ಕಸಿ ಕಟ್ಟಿ ಹೊಸ ಹೆಸರು ಕೊಟ್ಟು ಮಾರಿದರು. ಹೀಗೆ ಹೆಸರುಗಳು ನೂರಾರಾದವು, ವಂಶ ಮಾತ್ರ ಒಂದೇ ಉಳಿಯಿತು.

ಸೇಬಿನ ವೈವಿಧ್ಯದ ಚರ್ಚೆಯನ್ನು ಇಲ್ಲಿಂದ ಆರಂಭಿಸಲು ಕಾರಣವಿದೆ. ಒಂದು ಪ್ರದೇಶದಲ್ಲಿ ಎಷ್ಟು ತಳಿಗಳಿವೆ ಎಂದು ಕೇಳಿದರೆ ನಾವು ಹೆಸರುಗಳನ್ನು ಎಣಿಸುತ್ತೇವೆ. ರೋಗ, ಬರ, ಬಿಸಿಲು ಎಣಿಸುವುದು ವಂಶವಾಹಿಗಳನ್ನು. ಈ ಎರಡು ಲೆಕ್ಕಗಳ ನಡುವಿನ ಅಂತರ ಸೇಬಿನಲ್ಲಿ ಇರುವಷ್ಟು ದೊಡ್ಡದಾಗಿ ಬೇರೆ ಕೆಲವೇ ಬೆಳೆಗಳಲ್ಲಿದೆ.

ವಿಚಿತ್ರವೆಂದರೆ, ಸೇಬು ಸ್ವಭಾವತಃ ವೈವಿಧ್ಯವನ್ನೇ ಹೆರುವ ಮರ. ಒಂದು ಹಣ್ಣಿನೊಳಗಿನ ಬೀಜಗಳನ್ನು ಬಿತ್ತಿದರೆ ಹುಟ್ಟುವ ಗಿಡಗಳು ತಾಯಿಯನ್ನೂ ಹೋಲುವುದಿಲ್ಲ, ಒಂದನ್ನೊಂದು ಹೋಲುವುದೂ ಇಲ್ಲ. ಒಂದು ಹುಳಿ, ಒಂದು ಒಗರು, ಎಲ್ಲೋ ಒಂದು ಅಪರೂಪಕ್ಕೆ ಸಿಹಿ. ಸೇಬಿನ ಹೂವು ತನ್ನದೇ ಪರಾಗವನ್ನು ಒಪ್ಪುವುದಿಲ್ಲ. ಅದರ 17ನೆಯ ವರ್ಣತಂತುವಿನಲ್ಲಿ ಒಂದು ಗುರುತಿನ ತಾಣವಿದೆ. ವಿಜ್ಞಾನಿಗಳು ಅದನ್ನು 'ಎಸ್' ತಾಣ ಎನ್ನುತ್ತಾರೆ. ಬಂದು ಕೂತ ಪರಾಗದ 'ಎಸ್' ಗುರುತು ಹೂವಿನ ಗುರುತಿಗೆ ಹೊಂದಿಬಿಟ್ಟರೆ ಶಲಾಕೆಯಲ್ಲಿರುವ ಒಂದು ಕಿಣ್ವ ಆ ಪರಾಗದ ನಳಿಕೆಯನ್ನು ಅರ್ಧದಾರಿಯಲ್ಲೇ ನಿಲ್ಲಿಸುತ್ತದೆ. ಹಾಗಾಗಿ ಪ್ರತಿಯೊಂದು ಬೀಜಕ್ಕೂ ಹೊರಗಿನ ತಂದೆ ಬೇಕೇ ಬೇಕು. ಮಲೆನಾಡಿನ ಅಪ್ಪೆಮಿಡಿ ಬಲ್ಲವರಿಗೆ ಇದರ ಪರಿಣಾಮವನ್ನು ವಿವರಿಸಬೇಕಿಲ್ಲ. ಹೊಳೆದಂಡೆಯಲ್ಲಿ ತಾನಾಗಿ ಹುಟ್ಟಿದ ನೂರು ಮರಗಳಲ್ಲಿ ಒಂದರ ಮಿಡಿ ಮಾತ್ರ ನಾಲಿಗೆಗೆ ಹಿಡಿಸುತ್ತದೆ, ಆ ಮರವನ್ನು ಉಳಿಸಿಕೊಳ್ಳಲು ಕಸಿಯೇ ದಾರಿ. ಸೇಬಿನ ಇತಿಹಾಸವೂ ಇದೇ. ಬೀಜ ಹೊಸದನ್ನು ಕೊಡುತ್ತದೆ, ಕಸಿ ಬೇಕಾದುದನ್ನು ಹಿಡಿದಿಡುತ್ತದೆ. ಬೀಜ ಬಿತ್ತುವವರು ಇರುವಷ್ಟು ಕಾಲ ಈ ಎರಡೂ ಜೊತೆಯಾಗಿ ನಡೆದವು.

ಬೀಜ ಬಿತ್ತುವ ಕಾಲಕ್ಕೆ ಒಳ್ಳೆಯ ನಿದರ್ಶನ ಅಮೆರಿಕದಲ್ಲಿದೆ. ಜಾನಿ ಆಪಲ್‌ಸೀಡ್ ಎಂದೇ ಹೆಸರಾದ ಜಾನ್ ಚಾಪ್‌ಮನ್ (1774–1845) ಒಹಾಯೊ ಸೀಮೆಯಲ್ಲಿ ಬೀಜದಿಂದ ಸಸಿಮಡಿ ಎಬ್ಬಿಸುತ್ತ ಅಲೆದ. ಅವನಂತೆ ಬಿತ್ತಿದ ಸಾವಿರಾರು ವಲಸಿಗರ ತೋಟಗಳಲ್ಲಿ ಹುಟ್ಟಿದ ಮರಗಳಲ್ಲಿ ಬಹುಪಾಲು ಸೈಡರ್ ಎಂಬ ಪಾನೀಯಕ್ಕೆ ಮಾತ್ರ ಯೋಗ್ಯವಾಗಿದ್ದವು. ಆದರೆ ಆ ಅಗಾಧ ರಾಶಿಯಿಂದಲೇ ಹೊಸ ನೆಲಕ್ಕೆ, ಹೊಸ ಚಳಿಗೆ ಒಗ್ಗಿದ ತಳಿಗಳು ಹೊರಬಿದ್ದವು. 1905ರಲ್ಲಿ ಅಮೆರಿಕದ ಕೃಷಿ ಇಲಾಖೆಗಾಗಿ ಡಬ್ಲ್ಯು.ಎಚ್. ರೇಗನ್ ಒಟ್ಟುಮಾಡಿದ ಪಟ್ಟಿಯಲ್ಲಿ 1804ರಿಂದ 1904ರವರೆಗೆ ದಾಖಲಾದ ಸುಮಾರು 17,000 ಸೇಬಿನ ಹೆಸರುಗಳಿದ್ದವು. ಒಂದೇ ತಳಿಗಿದ್ದ ಬೇರೆ ಬೇರೆ ಹೆಸರುಗಳನ್ನು ಕಳೆದರೂ ಉಳಿಯುವ ಸಂಖ್ಯೆ ಬೆರಗು ಹುಟ್ಟಿಸುವಂಥದು.

ಮೂಲವನ್ನು ಹುಡುಕುತ್ತ ಹೋದರೆ ನಾವು ಸೇರುವುದು ಮಧ್ಯ ಏಷ್ಯಾದ ತಿಯಾನ್ ಶಾನ್ ಪರ್ವತಗಳ ತಪ್ಪಲಿಗೆ. ಇಂದಿನ ಕಜಾಕಿಸ್ತಾನದ ಅಲ್ಮಾಟಿ ನಗರದ ಸುತ್ತಲಿನ ಬೆಟ್ಟಗಳಲ್ಲಿ ಮಾಲಸ್ ಸೀವರ್ಸಿ ಎಂಬ ಕಾಡುಸೇಬಿನ ಕಾಡುಗಳಿವೆ. 1929ರಲ್ಲಿ ಅಲ್ಲಿಗೆ ಹೋದ ರಷ್ಯಾದ ವಿಜ್ಞಾನಿ ನಿಕೊಲಾಯ್ ವವಿಲೋವ್, ನಾವು ತಿನ್ನುವ ಸೇಬಿನ ತವರು ಇದೇ ಎಂದು ಗುರುತಿಸಿದರು. ಲೋಕದ ಬೆಳೆಗಳ ಬೀಜಗಳನ್ನು ಕೂಡಿಟ್ಟ ಆ ಮನುಷ್ಯ 1943ರಲ್ಲಿ ಸ್ಟಾಲಿನ್ ಆಡಳಿತದ ಜೈಲಿನಲ್ಲಿ ತೀರಿಕೊಂಡರು. ಕಜಾಕ್ ವಿಜ್ಞಾನಿ ಐಮಕ್ ಜಂಗಾಲಿಯೇವ್ ಅದೇ ಕಾಡುಗಳ ಅಧ್ಯಯನ ಮತ್ತು ರಕ್ಷಣೆಗೆ ತಮ್ಮ ಬದುಕನ್ನೇ ಕೊಟ್ಟರು. 1989ರ ನಂತರ ಅಮೆರಿಕದ ಸಂಶೋಧಕರು ಅವರ ಆಹ್ವಾನದ ಮೇಲೆ ಹಲವು ಸಲ ಅಲ್ಲಿಗೆ ಹೋಗಿ ಬೀಜ, ಕಸಿ ಕಡ್ಡಿಗಳನ್ನು ತಂದು ನ್ಯೂಯಾರ್ಕ್ ರಾಜ್ಯದ ಜಿನೀವಾದ ಸಂಗ್ರಹದಲ್ಲಿ ಬೆಳೆಸಿದರು. ಆ ಕಾಡಿನ ಹಣ್ಣುಗಳಲ್ಲಿ ಗೋಲಿಯಷ್ಟು ಸಣ್ಣವೂ ಇದ್ದವು, ಅಂಗಡಿಯ ಸೇಬಿಗೆ ಸಮನಾದವೂ ಇದ್ದವು. ಹಳದಿ, ಹಸಿರು, ನೇರಳೆಗೆಂಪು ಎಲ್ಲ ಬಣ್ಣಗಳೂ ಇದ್ದವು. ಮನುಷ್ಯ ಬರುವುದಕ್ಕೆ ಮೊದಲೇ ಕರಡಿಯಂಥ ಪ್ರಾಣಿಗಳು ಸಿಹಿ ಮತ್ತು ದೊಡ್ಡ ಹಣ್ಣನ್ನು ಆರಿಸಿ ತಿಂದು ಬೀಜ ಹರಡಿದವು, ಹಾಗಾಗಿ ಹಣ್ಣು ಕಾಡಿನಲ್ಲೇ ದೊಡ್ಡದಾಯಿತು ಎಂಬುದು ಆಕ್ಸ್‌ಫರ್ಡಿನ ಬ್ಯಾರಿ ಜುನಿಪರ್ ಅವರ ವಾದ.

ತವರು ಒಂದೇ ಆದರೂ ರಕ್ತ ಒಂದೇ ಅಲ್ಲ. ರೇಷ್ಮೆ ದಾರಿಯಲ್ಲಿ ವ್ಯಾಪಾರಿಗಳ ಜೊತೆ ಪಶ್ಚಿಮಕ್ಕೆ ಹೊರಟ ಸೇಬು ದಾರಿಯುದ್ದಕ್ಕೂ ಸ್ಥಳೀಯ ಕಾಡುಸೇಬುಗಳೊಂದಿಗೆ ಕೂಡಿಕೊಂಡಿತು. 2012ರಲ್ಲಿ ಅಮಾಂಡಿನ್ ಕೋರ್ನಿಯ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ ಯುರೋಪಿನ ಕಾಡುಸೇಬು, ಅಂದರೆ ಮಾಲಸ್ ಸಿಲ್ವೆಸ್ಟ್ರಿಸ್, ಇಂದಿನ ತಳಿಗಳಿಗೆ ಗಣನೀಯ ಪಾಲು ಕೊಟ್ಟಿದೆ ಎಂದು ತೋರಿಸಿತು. ಕಾಕಸಸ್ ಸೀಮೆಯ ಕಾಡುಸೇಬಿನ ಸುಳಿವೂ ಸಿಕ್ಕಿತು. 2017ರಲ್ಲಿ ಚೀನಾ ಮತ್ತು ಅಮೆರಿಕದ ಸಂಶೋಧಕರು 117 ಸೇಬುಗಳ ಇಡೀ ಜೀನೋಮನ್ನು ಓದಿ ರೇಷ್ಮೆ ದಾರಿಯ ಈ ಕಥನವನ್ನು ಇನ್ನಷ್ಟು ಗಟ್ಟಿಗೊಳಿಸಿದರು. ಯಾವ ಕಾಡುಸೇಬಿನ ಪಾಲು ಎಷ್ಟು ಎಂಬುದರಲ್ಲಿ ಅಧ್ಯಯನಗಳ ನಡುವೆ ಒಮ್ಮತವಿಲ್ಲ. ಬೆರಕೆಯೇ ಸೇಬಿನ ಹುಟ್ಟುಗುಣ ಎಂಬುದರಲ್ಲಿ ಮಾತ್ರ ಯಾರಿಗೂ ಅನುಮಾನವಿಲ್ಲ.

ಇಲ್ಲಿ ಒಂದು ಜನಪ್ರಿಯ ನಂಬಿಕೆಯನ್ನು ತಿದ್ದಬೇಕು. ಕಾಡಿನಿಂದ ಹೊಲಕ್ಕೆ ಬಂದ ಬೆಳೆಗಳೆಲ್ಲ ದಾರಿಯಲ್ಲಿ ವೈವಿಧ್ಯವನ್ನು ಕಳೆದುಕೊಂಡವು ಎಂದು ನಾವು ಓದುತ್ತ ಬಂದಿದ್ದೇವೆ. ಮುಸುಕಿನ ಜೋಳದಂಥ ವಾರ್ಷಿಕ ಬೆಳೆಗಳಲ್ಲಿ ಅದು ನಿಜ. ಸೇಬಿನಲ್ಲಿ ಹಾಗಾಗಲಿಲ್ಲ. ಬ್ರಿಯಾನಾ ಗ್ರಾಸ್ ಮತ್ತು ಸಂಗಡಿಗರು ಹಲವು ಶತಮಾನಗಳ ತಳಿಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಟ್ಟಾರೆ ವೈವಿಧ್ಯ ಹೇಳಿಕೊಳ್ಳುವಷ್ಟು ಕುಸಿದಿರಲಿಲ್ಲ. ಕಾರಣ ಸರಳ. ಸೇಬಿನ ಮರ ದೀರ್ಘಾಯುಷಿ. ಬೀಜದಿಂದ ಹೂವಿಗೆ ಐದಾರು ವರ್ಷಕ್ಕೂ ಮಿಕ್ಕಿ ಬೇಕಾಗುವುದರಿಂದ ಕಾಡಿನಿಂದ ಇಲ್ಲಿಯವರೆಗೆ ಕಳೆದ ತಲೆಮಾರುಗಳೇ ಕಡಿಮೆ. ಪರಕೀಯ ಪರಾಗ ಕಡ್ಡಾಯವಾದ್ದರಿಂದ ಒಂದೊಂದು ಮರದೊಳಗೂ ಎರಡು ಬೇರೆ ವಂಶಗಳು ಅಡಗಿರುತ್ತವೆ. ಇಂಗ್ಲೆಂಡಿನ ಕೆಂಟ್ ಪ್ರಾಂತದ ಬ್ರಾಗ್‌ಡೇಲ್ ಸಂಗ್ರಹದಲ್ಲಿ 2,000ಕ್ಕೂ ಹೆಚ್ಚು ಸೇಬಿನ ತಳಿಗಳು ಇಂದೂ ಜೀವಂತವಾಗಿ ನಿಂತಿವೆ. ಹಾಗಾಗಿ ಸೇಬಿನ ವೈವಿಧ್ಯ ಸತ್ತುಹೋಯಿತು ಎಂಬ ಕೂಗು ಪೂರ್ತಿ ನಿಜವಲ್ಲ. ಅದು ತೋಟದಿಂದ ಹೊರಬಿದ್ದು ಸಂಗ್ರಹಾಲಯ ಸೇರಿದೆ. ನನ್ನ ದೃಷ್ಟಿಯಲ್ಲಿ ಆತಂಕದ ವಿಷಯ ಇದೇ. ಸಂಗ್ರಹದಲ್ಲಿ ತಳಿಗೆ ಎರಡು ಮೂರು ಮರ ಇರುತ್ತವೆ. ಅನುದಾನ ನಿಂತರೆ, ಒಂದು ಹೊಸ ರೋಗ ಹೊಕ್ಕರೆ ಅಷ್ಟೇ.

ಹಾಗಾದರೆ ತೋಟಗಳಲ್ಲಿ ಏನಿದೆ? 1996ರಲ್ಲಿ ನ್ಯೂಜಿಲೆಂಡಿನ ಸಂಶೋಧಕರಾದ ನಾಯ್ಟನ್ ಮತ್ತು ಆಲ್ಸ್‌ಪ್ಯಾಕ್ ಜಗತ್ತಿನ 50 ಆಧುನಿಕ ತಳಿಗಳ ವಂಶಾವಳಿಯನ್ನು ಜಾಲಾಡಿದರು. ಎಲ್ಲಿ ಕೆದಕಿದರೂ ಮತ್ತೆ ಮತ್ತೆ ಅವೇ ಐದು ಹಿರಿಯರು ಎದುರಾದರು: ಕಾಕ್ಸ್ ಆರೆಂಜ್ ಪಿಪಿನ್, ಗೋಲ್ಡನ್ ಡೆಲಿಶಿಯಸ್, ರೆಡ್ ಡೆಲಿಶಿಯಸ್, ಜೊನಾಥನ್, ಮೆಕಿಂಟಾಷ್. ನಮ್ಮ ಸೂಪರ್ ಮಾರ್ಕೆಟ್‌ಗಳ ವಿದೇಶಿ ಸೇಬುಗಳನ್ನೇ ನೋಡಿ. ನ್ಯೂಜಿಲೆಂಡಿನ ಗಾಲಾದ ಒಂದು ಕಡೆಯ ಪೋಷಕ ಗೋಲ್ಡನ್ ಡೆಲಿಶಿಯಸ್. ಇನ್ನೊಂದು ಕಡೆಯ ಕಿಡ್ಸ್ ಆರೆಂಜ್ ರೆಡ್ ಹುಟ್ಟಿದ್ದು ಕಾಕ್ಸ್ ಮತ್ತು ರೆಡ್ ಡೆಲಿಶಿಯಸ್‌ಗಳಿಂದ. ಜಪಾನಿನ ಫ್ಯೂಜಿಗೆ ರೆಡ್ ಡೆಲಿಶಿಯಸ್ ನೇರ ಪೋಷಕ. ಆಸ್ಟ್ರೇಲಿಯಾದ ಪಿಂಕ್ ಲೇಡಿಗೂ ಯುರೋಪಿನ ಎಲ್‌ಸ್ಟಾರ್, ಅಮೆರಿಕದ ಜೊನಾಗೋಲ್ಡ್‌ಗಳಿಗೂ ಗೋಲ್ಡನ್ ಡೆಲಿಶಿಯಸ್ ಪೋಷಕ. ಚೀನಾ ಒಂದೇ ಜಗತ್ತಿನ ಸೇಬಿನ ಸುಮಾರು ಅರ್ಧ ಬೆಳೆಯುತ್ತದೆ, ಅದರಲ್ಲಿ ಬಹುಪಾಲು ಫ್ಯೂಜಿ. ಖಂಡಾಂತರಗಳಿಂದ ಬಂದ ಹಣ್ಣುಗಳು ಒಂದೇ ತಟ್ಟೆಯಲ್ಲಿ ಕೂತರೂ ಅವೆಲ್ಲ ಹತ್ತಿರದ ನೆಂಟರೇ.

ತಳಿ ತಜ್ಞರನ್ನು ಇದಕ್ಕಾಗಿ ದೂಷಿಸುವುದು ನ್ಯಾಯವಲ್ಲ. ಒಂದು ಹೊಸ ಸೇಬು ಹೊರತರಲು ಎರಡು ಮೂರು ದಶಕ ಬೇಕು. ಮಿನ್ನೆಸೋಟದ ಹನಿಕ್ರಿಸ್ಪ್‌ನ ಸಂಕರ ನಡೆದದ್ದು 1960ರಲ್ಲಿ, ಬಿಡುಗಡೆಯಾದದ್ದು 1991ರಲ್ಲಿ. ಇಷ್ಟು ಕಾಲ ಕಾಯಬೇಕಾದವರು ಗೊತ್ತಿರುವ ಒಳ್ಳೆಯ ಪೋಷಕರನ್ನೇ ನೆಚ್ಚುವುದು ಸಹಜ. ಕಾಡುಸೇಬಿನ ಒಂದು ಗುಣ ಬೇಕೆಂದು ಸಂಕರ ಮಾಡಿದರೆ ಅದರ ಸಣ್ಣ ಗಾತ್ರ, ಒಗರು ಎಲ್ಲವೂ ಜೊತೆಗೆ ಬರುತ್ತವೆ. ಅವನ್ನು ತೊಳೆಯಲು ನಾಲ್ಕೈದು ತಲೆಮಾರುಗಳ ಮರುಸಂಕರ ಬೇಕು. ಮಾರುಕಟ್ಟೆಗಾದರೋ ಒಂದೇ ಗಾತ್ರದ, ಒಂದೇ ಬಣ್ಣದ, ತಿಂಗಳುಗಟ್ಟಲೆ ಶೀತಲಗೃಹದಲ್ಲಿ ತಾಳುವ ಹಣ್ಣು ಬೇಕು.

ಕೆಲವೇ ವಂಶಗಳನ್ನು ನೆಚ್ಚಿದ ಈ ಇಕ್ಕಟ್ಟಿನ ಬೆಲೆ ಮೊದಲು ಕಾಣಿಸುವುದು ರೋಗದಲ್ಲಿ. ಸೇಬಿನ ಕಜ್ಜಿರೋಗ, ಅಂದರೆ ಸ್ಕ್ಯಾಬ್, ವೆಂಚೂರಿಯಾ ಇನೀಕ್ವಾಲಿಸ್ ಎಂಬ ಶಿಲೀಂಧ್ರದಿಂದ ಬರುತ್ತದೆ. 1973ರಲ್ಲಿ ಅದು ಕಾಶ್ಮೀರವನ್ನು ಬಡಿಯಿತು, 1983ರಲ್ಲಿ ಹಿಮಾಚಲವನ್ನು. ಒಂದೇ ವಂಶದ ಮರಗಳು ಬೆಟ್ಟದಿಂದ ಬೆಟ್ಟಕ್ಕೆ ಹಬ್ಬಿದ್ದಲ್ಲಿ ಶಿಲೀಂಧ್ರಕ್ಕೆ ಅಡ್ಡಿಯೇ ಇರಲಿಲ್ಲ. ಅಂದಿನಿಂದ ಅಲ್ಲಿನ ಬೆಳೆಗಾರರು ಋತುವಿಡೀ ಔಷಧಿ ಸಿಂಪಡಣೆಯ ವೇಳಾಪಟ್ಟಿಗೆ ಕಟ್ಟುಬಿದ್ದಿದ್ದಾರೆ.

ಇದಕ್ಕೆ ತಳಿ ವಿಜ್ಞಾನ ಕೊಟ್ಟ ಉತ್ತರದ ಕತೆ ಬಹಳ ಪಾಠ ಹೇಳುತ್ತದೆ. ಜಪಾನ್ ಮೂಲದ ಅಲಂಕಾರಿಕ ಕಾಡುಸೇಬಾದ ಮಾಲಸ್ ಫ್ಲೋರಿಬಂಡಾದ 821 ಎಂಬ ಸಂಖ್ಯೆಯ ಗಿಡವನ್ನು 20ನೇ ಶತಮಾನದ ಮೊದಲ ದಶಕಗಳಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸಿ.ಎಸ್. ಕ್ರಾಂಡಲ್ ರೋಮ್ ಬ್ಯೂಟಿ ತಳಿಯೊಂದಿಗೆ ಸಂಕರಿಸಿದ್ದರು. ಅದರ ಸಂತತಿಯಲ್ಲಿ ಕೆಲವಕ್ಕೆ ಕಜ್ಜಿ ತಗಲುತ್ತಿಲ್ಲವೆಂಬುದು ಆಮೇಲೆ ಬೇರೆಯವರ ಗಮನಕ್ಕೆ ಬಂತು. ಆ ಒಂದು ವಂಶವಾಹಿಯನ್ನು ಹಿಡಿದು ಮೂರು ಅಮೆರಿಕನ್ ವಿಶ್ವವಿದ್ಯಾಲಯಗಳು ಸೇರಿ 1970ರಲ್ಲಿ 'ಪ್ರೈಮಾ' ತಳಿ ಬಿಡುಗಡೆ ಮಾಡಿದವು. ಮುಂದೆ ಲೋಕದ ಹತ್ತಾರು ರೋಗನಿರೋಧಕ ತಳಿಗಳು ಅದೇ ಒಂದು ವಂಶವಾಹಿಯನ್ನು ನೆಚ್ಚಿದವು. ಅದನ್ನು ಮೀರಿದ ಶಿಲೀಂಧ್ರದ ಹೊಸ ಬಗೆ ಜರ್ಮನಿಯ ಆರೆನ್ಸ್‌ಬುರ್ಗ್‌ನಲ್ಲಿ ಸಿಕ್ಕಿದ ವರದಿ 1993ರಲ್ಲಿ ಬಂತು. ಇಕ್ಕಟ್ಟಿನಿಂದ ಪಾರಾಗಲು ಕಂಡುಕೊಂಡ ದಾರಿಯೂ ಇಕ್ಕಟ್ಟೇ ಆಗಿತ್ತು. ಈಗ ತಜ್ಞರು ಡಿಎನ್‌ಎ ಗುರುತುಗಳ ನೆರವಿನಿಂದ ಒಂದೇ ಮರದಲ್ಲಿ ಎರಡು ಮೂರು ಬೇರೆ ಬೇರೆ ನಿರೋಧಕ ವಂಶವಾಹಿಗಳನ್ನು ಕೂಡಿಸಲು ಯತ್ನಿಸುತ್ತಿದ್ದಾರೆ. ಸಸಿಯ ಎಲೆಯನ್ನೇ ಪರೀಕ್ಷಿಸಿ ಬೇಡದ್ದನ್ನು ಆಗಲೇ ಕಿತ್ತುಹಾಕಬಹುದಾದ್ದರಿಂದ ಕಾಯುವ ವರ್ಷಗಳೂ ಕಡಿಮೆಯಾಗುತ್ತವೆ. 2010ರಲ್ಲಿ ಗೋಲ್ಡನ್ ಡೆಲಿಶಿಯಸ್‌ನ ಜೀನೋಮ್ ಪ್ರಕಟವಾದ ಮೇಲೆ ಈ ಕೆಲಸ ಬಹಳ ಸುಲಭವಾಗಿದೆ.

ರೋಗದಷ್ಟು ಸುದ್ದಿಯಾಗದ ಇನ್ನೊಂದು ಪೆಟ್ಟು ಪರಾಗಸ್ಪರ್ಶದ್ದು. ಫಿಲಡೆಲ್ಫಿಯಾದಿಂದ ಬಂದು ಹಿಮಾಚಲದ ಕೋಟ್‌ಗಢದಲ್ಲಿ ನೆಲೆನಿಂತ ಸ್ಯಾಮ್ಯುಯೆಲ್ ಸ್ಟೋಕ್ಸ್, ಮುಂದೆ ಸತ್ಯಾನಂದ ಸ್ಟೋಕ್ಸ್, 1916ರ ಸುಮಾರಿಗೆ ಅಮೆರಿಕದಿಂದ ಡೆಲಿಶಿಯಸ್ ಸಸಿಗಳನ್ನು ತರಿಸಿ ನೆಟ್ಟರು. ಬಡ ಬೆಟ್ಟದ ಹಳ್ಳಿಗಳ ಹಣೆಬರಹವನ್ನೇ ಆ ಸಸಿಗಳು ಬದಲಿಸಿದವು. ಆ ಉಪಕಾರ ಸಣ್ಣದಲ್ಲ. ಆದರೆ ರೆಡ್ ಡೆಲಿಶಿಯಸ್‌ಗೆ ಹೆಚ್ಚು ದರ ಸಿಕ್ಕಂತೆ ರೈತರು ಗೋಲ್ಡನ್‌ನಂಥ ಪರಾಗದಾನಿ ಮರಗಳನ್ನು ಕಡಿದು ಅಲ್ಲಿಯೂ ಡೆಲಿಶಿಯಸ್ಸನ್ನೇ ನೆಟ್ಟರು. ರಾಯಲ್ ನೆಟ್ಟರೂ ರೆಡ್ ಚೀಫ್ ನೆಟ್ಟರೂ 'ಎಸ್' ಗುರುತು ಒಂದೇ, ಒಂದರ ಪರಾಗ ಇನ್ನೊಂದಕ್ಕೆ ಸಲ್ಲುವುದಿಲ್ಲ. ಹೂವು ತುಂಬಿದರೂ ಕಾಯಿ ಕಚ್ಚದ ವರ್ಷಗಳು ಬಂದವು. ಜೇನುಪೆಟ್ಟಿಗೆ ಬಾಡಿಗೆಗೆ ತರುವುದು, ಬೇರೆ ತಳಿಯ ಹೂಗೊಂಚಲು ಕಡಿದು ಮರಗಳಿಗೆ ತೂಗುಹಾಕುವುದು ಅಲ್ಲಿ ವಾಡಿಕೆಯಾಯಿತು. ಚೀನಾದ ಸಿಚುವಾನ್ ಪ್ರಾಂತದ ಮಾವೊಶಿಯನ್‌ನಲ್ಲಿ ಜನ ಮರ ಹತ್ತಿ ಕೈಯಿಂದಲೇ ಹೂವಿಗೆ ಪರಾಗ ಸವರಬೇಕಾಯಿತು. ಜೇನುನೊಣಗಳ ಇಳಿಕೆಯ ಜೊತೆಗೆ ಪರಾಗದಾನಿ ಮರಗಳ ಕೊರತೆಯೂ ಅದಕ್ಕೆ ಕಾರಣವಾಗಿತ್ತು.

ನೆಲದ ಮೇಲಿನ ಕತೆ ಇದಾದರೆ, ನೆಲದ ಕೆಳಗಿನದು ಇನ್ನೂ ಕಡಿಮೆ ಜನರಿಗೆ ಗೊತ್ತು. ಕಸಿ ಮರದ ಬೇರು ಬೇರೆಯದೇ ಗಿಡ. ಹಿಮಾಲಯದ ಹಳೆಯ ತೋಟಗಳಲ್ಲಿ ಕಾಡುಸೇಬಿನ ಬೀಜದಿಂದ ಎಬ್ಬಿಸಿದ ಸಸಿಗೆ ಕಸಿ ಕಟ್ಟುತ್ತಿದ್ದರು. ಮೇಲೆ ಎಲ್ಲವೂ ಡೆಲಿಶಿಯಸ್ ಆಗಿದ್ದರೂ ಬೇರು ಮರಕ್ಕೊಂದು ಬಗೆಯದು. ಈಗ ಒತ್ತು ನೆಡುವ ಪದ್ಧತಿ ಬಂದಿದೆ. ಅದಕ್ಕೆ ಬೇಕಾದ ಕುಳ್ಳ ಮರಕ್ಕಾಗಿ ಎಂ-9 ಎಂಬ ಬೇರುಗಿಡವನ್ನು ಲೋಕವೆಲ್ಲ ಬಳಸುತ್ತಿದೆ. ಇಂಗ್ಲೆಂಡಿನ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರ ಹೆಸರಿಟ್ಟು ಹರಡಿದ ಈ ಗಿಡವೂ ಒಂದೇ ಮೂಲದ ತದ್ರೂಪಿ. ಬೆಂಕಿರೋಗವೆಂದು ಕರೆಯಬಹುದಾದ ಫೈರ್ ಬ್ಲೈಟ್ ಬ್ಯಾಕ್ಟೀರಿಯಾಕ್ಕೂ ಬೇರಿಗೆ ಹತ್ತುವ ಉಣ್ಣೆ ಹೇನಿಗೂ ಅದು ಸುಲಭ ತುತ್ತು. ಇಳುವರಿ ಬೇಗ ಬರುತ್ತದೆಂಬುದು ನಿಜ, ರೈತನಿಗೆ ಅದು ಮುಖ್ಯವೂ ಹೌದು. ಆದರೆ ಮೇಲೆಯೂ ತದ್ರೂಪಿ, ಕೆಳಗೂ ತದ್ರೂಪಿ ಆದ ತೋಟಕ್ಕೆ ಬೆನ್ನಿಗೆ ನಿಲ್ಲುವುದು ಏನೂ ಉಳಿಯುವುದಿಲ್ಲ. ನ್ಯೂಯಾರ್ಕಿನ ಜಿನೀವಾ ಕೇಂದ್ರದಲ್ಲಿ ಕಾಡುಸೇಬಿನ ರಕ್ತ ಬೆರೆಸಿ ತಯಾರಿಸಿದ ಬೇರುಗಿಡಗಳು ಇದಕ್ಕೆ ಪರ್ಯಾಯವಾಗಿ ಬರುತ್ತಿವೆ.

ನಮ್ಮ ದೇಶಕ್ಕೆ ಸ್ವಂತದ್ದೆಂದು ಏನಾದರೂ ಇದೆಯೇ? ಇದೆ. ಕಾಶ್ಮೀರದ ಅಂಬ್ರಿ ಅಲ್ಲಿಯದೇ ಹಳೆಯ ತಳಿ. ತಡವಾಗಿ ಹಣ್ಣಾಗುತ್ತದೆ, ಘಮ ಬೇರೆಯೇ, ಶೀತಲಗೃಹ ಇಲ್ಲದ ಕಾಲದಲ್ಲಿ ತಿಂಗಳುಗಟ್ಟಲೆ ಕೆಡದೆ ಇರುತ್ತಿತ್ತು. ಫಸಲಿಗೆ ಬರಲು ಹೆಚ್ಚು ವರ್ಷ ಹಿಡಿಯುವುದೇ ಅದಕ್ಕೆ ಮುಳುವಾಯಿತು. ಡೆಲಿಶಿಯಸ್ ಬಂದ ಮೇಲೆ ಅಂಬ್ರಿ ಮೂಲೆಗೆ ಸರಿಯಿತು. ಅಂಬ್ರಿಯನ್ನು ರೆಡ್ ಡೆಲಿಶಿಯಸ್‌ನೊಂದಿಗೆ ಕೂಡಿಸಿ 'ಲಾಲ್ ಅಂಬ್ರಿ'ಯನ್ನೂ, ಗೋಲ್ಡನ್ ಡೆಲಿಶಿಯಸ್‌ನೊಂದಿಗೆ ಕೂಡಿಸಿ 'ಸುನ್ಹರಿ'ಯನ್ನೂ ಅಲ್ಲಿನ ತಜ್ಞರು ತಯಾರಿಸಿದರು. ಸರಿಯಾದ ದಿಕ್ಕಿನ ಕೆಲಸವದು, ಆದರೆ ತೋಟಗಳಿಗೆ ಸಾಕಷ್ಟು ಇಳಿಯಲಿಲ್ಲ. ಹಿಮಾಲಯದಲ್ಲಿ ಮಾಲಸ್ ಬಕ್ಕಾಟಾ ಎಂಬ ಸಣ್ಣ ಹಣ್ಣಿನ ಕಾಡುಸೇಬೂ ಇದೆ. ಶ್ರೀನಗರದ ಕೇಂದ್ರೀಯ ಸಮಶೀತೋಷ್ಣ ತೋಟಗಾರಿಕೆ ಸಂಸ್ಥೆ ಮತ್ತು ಶಿಮ್ಲಾದ ಫಾಗ್ಲಿಯಲ್ಲಿರುವ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಕೇಂದ್ರದ ಠಾಣೆ ಇಂಥ ಸಂಪತ್ತನ್ನು ಕಾಯುತ್ತಿವೆ.

ಹವಾಮಾನ ಬದಲಾವಣೆ ತಳಿವೈವಿಧ್ಯದ ಪ್ರಶ್ನೆಯನ್ನು ತುರ್ತಾಗಿಸಿದೆ. ಡೆಲಿಶಿಯಸ್ ಮರದ ಮೊಗ್ಗು ಸರಿಯಾಗಿ ಒಡೆಯಲು ಚಳಿಗಾಲದಲ್ಲಿ ಸಾವಿರದ ಆಸುಪಾಸಿನ ಗಂಟೆಗಳ ತಂಪು ಬೇಕು. ಚಳಿ ಕಡಿಮೆಯಾದಂತೆ ಹಿಮಾಚಲದ ಸೇಬು ಕೆಳಗಿನ ಕಣಿವೆಗಳನ್ನು ಬಿಟ್ಟು ಕಿನ್ನೌರ್, ಸ್ಪಿತಿಗಳ ಎತ್ತರಕ್ಕೆ ಏರುತ್ತಿದೆ. ಎತ್ತರಕ್ಕೂ ಒಂದು ಕೊನೆಯಿದೆ. ಮಧ್ಯ ಏಷ್ಯಾದ ಒಣ ಇಳಿಜಾರುಗಳಲ್ಲಿ ಬರಕ್ಕೆ ಒಗ್ಗಿ ಬೆಳೆದ ಕಾಡುಸೇಬುಗಳ ನೆನಪಾಗುವುದು ಇಲ್ಲಿಯೇ. ಆದರೆ ಅಲ್ಮಾಟಿಯ ಸುತ್ತಲಿನ ಕಾಡೂ ನಗರದ ವಿಸ್ತರಣೆಗೆ ಸಿಕ್ಕಿ ಕರಗಿದೆ. ಪಕ್ಕದ ತೋಟಗಳ ಪರಾಗ ಕಾಡುಮರಗಳಿಗೆ ಸೇರಿ ಅವುಗಳ ಶುದ್ಧ ವಂಶವೂ ಕಲಸಿಹೋಗುತ್ತಿದೆ. ಮಾಲಸ್ ಸೀವರ್ಸಿ ಇಂದು ಅಪಾಯಕ್ಕೆ ಈಡಾದ ಪ್ರಭೇದಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ.

ಕನ್ನಡ ನಾಡಿಗೂ ಈಗ ಸೇಬಿನ ಈ ಕತೆಯಲ್ಲಿ ಪಾಲಿದೆ. ಬಾಗಲಕೋಟೆಯಂಥ ಬಿಸಿಲಿನ ಜಿಲ್ಲೆಯಲ್ಲೂ ರೈತರು ಸೇಬು ಬೆಳೆದು ತೋರಿಸಿದ್ದಾರೆ. ಇದಕ್ಕೆ ಕಾರಣ ಕಡಿಮೆ ಚಳಿ ಸಾಕಾಗುವ ತಳಿಗಳು. ಇಸ್ರೇಲಿನ 'ಅನ್ನಾ' ಮತ್ತು ಬಹಾಮಾಸ್ ದ್ವೀಪದಲ್ಲಿ ಹುಟ್ಟಿದ 'ಡಾರ್ಸೆಟ್ ಗೋಲ್ಡನ್' ಅಂಥವು. ಅನ್ನಾದ ಪೋಷಕರಲ್ಲಿ ಗೋಲ್ಡನ್ ಡೆಲಿಶಿಯಸ್ ಇದೆ, ಡಾರ್ಸೆಟ್ ಅದರ ಬೀಜದಿಂದಲೇ ಬಂದದ್ದೆಂದು ನಂಬಲಾಗಿದೆ. ಹಿಮಾಚಲದ ಬಿಲಾಸ್‌ಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ತಮ್ಮ ಹಿತ್ತಿಲಲ್ಲಿ ಮೊಳೆತ ಸಸಿಯೊಂದನ್ನು ಗಮನಿಸಿ ಬೆಳೆಸಿದ 'ಎಚ್‌ಆರ್‌ಎಂಎನ್-99' ಮೂರನೆಯದು. ಬೀಜದಿಂದ ಹುಟ್ಟುವ ವೈವಿಧ್ಯ ಇಂದೂ ಹೊಸದನ್ನು ಕೊಡಬಲ್ಲದು ಎಂಬುದಕ್ಕೆ ಆ ಸಸಿ ಜೀವಂತ ಸಾಕ್ಷಿ. ಆದರೆ ಅದೊಂದನ್ನೇ ಲಕ್ಷಗಟ್ಟಲೆ ಕಸಿ ಕಟ್ಟಿ ಬಯಲಿನ ತುಂಬ ನೆಟ್ಟರೆ, ನೂರು ವರ್ಷಗಳ ಹಿಂದೆ ಹಿಮಾಚಲ ಹಿಡಿದ ದಾರಿಯನ್ನೇ ನಾವೂ ಹಿಡಿದಂತೆ.

ನಮ್ಮಲ್ಲಿ ಸೇಬಿನ ಬೇಸಾಯ ಇನ್ನೂ ಎಳೆಯದು, ತಿದ್ದಿಕೊಳ್ಳಲು ಇದೇ ಸಮಯ. ಸೇಬು ನೆಡಬೇಕೆಂದಿರುವ ರೈತರಲ್ಲಿ ನನ್ನ ಕೋರಿಕೆ ಇಷ್ಟೇ: ಒಂದೇ ತಳಿಯಿಂದ ತೋಟ ತುಂಬಬೇಡಿ. ಒಂದೇ ಕಾಲಕ್ಕೆ ಹೂಬಿಡುವ, ಬೇರೆ ವಂಶದ ಎರಡು ಮೂರು ತಳಿಗಳನ್ನು ಸಾಲುಸಾಲಾಗಿ ಬೆರೆಸಿ ನೆಡಿ. ನರ್ಸರಿಯವರನ್ನು ತಳಿಯ ಹೆಸರಿನ ಜೊತೆಗೆ ಅದು ಯಾವುದರ ಮಾರ್ಪಾಡು, ಬೇರುಗಿಡ ಯಾವುದು ಎಂದೂ ಕೇಳಿ. ತೋಟಗಾರಿಕೆ ಇಲಾಖೆ ಮತ್ತು ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯ ಸಸಿ ಹಂಚುವುದಕ್ಕೆ ಮೊದಲು ಬೇರೆ ಬೇರೆ ವಂಶದ ತಳಿಗಳನ್ನು ನಮ್ಮ ಒಣ ಬಯಲಿನಲ್ಲೂ ಮಲೆನಾಡಿನಲ್ಲೂ ಹಲವು ವರ್ಷ ಬೆಳೆಸಿ ಪರೀಕ್ಷಿಸಲಿ, ಫಲಿತಾಂಶವನ್ನು ರೈತರ ಮುಂದೆ ಕನ್ನಡದಲ್ಲಿ ಇಡಲಿ.